ನಮ್ಮ ನಾಯಿ ಕೆಂಚ ತೀರಿಹೋಗಿ 12 ದಿನ. ನೀವೆಲ್ಲ ಏನು ಮಾಡಿದಿರಿ?

ಕೇಳಿದವರು: ಪೆರ್ಲದ ಮಗಳು

ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ನಮ್ಮದು ಸಣ್ಣ ಅಡಿಕೆ ತೋಟ. ನಾನು ಮಂಗಳೂರಿನಲ್ಲಿ ಕೆಲಸಕ್ಕಿದ್ದೇನೆ. ಎರಡು ದಿನ ರಜೆ ಹಾಕಿ ಬಂದವಳು ಇನ್ನೂ ಹೊರಟಿಲ್ಲ.

ಕೆಂಚ ಊರ ನಾಯಿ. 13 ವರ್ಷದ ಹಿಂದೆ ಆಟಿ ತಿಂಗಳ ಮಳೆಯಲ್ಲಿ ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿ ನಡುಗುತ್ತಾ ಕೂತಿದ್ದ ಮರಿ. ದನಕ್ಕೆ ಹಿಂಡಿ ತರಲು ಹೋದ ಅಪ್ಪ ಅದೇ ಚೀಲದಲ್ಲಿ ಇವನನ್ನೂ ಹಾಕಿಕೊಂಡು ಬಂದರು. ಅಪ್ಪ ಕನ್ನಡದಲ್ಲಿ ಬಾ ಅಂದರೂ, ಕೆಲಸಕ್ಕೆ ಬರುವ ಅಕ್ಕ ತುಳುವಿನಲ್ಲಿ ಬಲ ಅಂದರೂ, ಆಟೋದವರು ಮಲಯಾಳದಲ್ಲಿ ವಾ ಅಂದರೂ ಓಡಿ ಬರುತ್ತಿದ್ದ. ನಮ್ಮೂರಿನ ಮಕ್ಕಳ ಹಾಗೆ ಅವನಿಗೂ ಮೂರು ಭಾಷೆ.

ಅಂಗಳದಲ್ಲಿ ಅಡಿಕೆ ಒಣ ಹಾಕಿದರೆ ಒಂದು ಅಡಿಕೆಯನ್ನೂ ತುಳಿಯುತ್ತಿರಲಿಲ್ಲ. ಅಂಚಿನಲ್ಲೇ ಸುತ್ತು ಹಾಕಿಕೊಂಡು ಬರುತ್ತಿದ್ದ. ಯಾರೂ ಹೇಳಿಕೊಟ್ಟದ್ದಲ್ಲ. ಹಗಲು ವೋಲ್ಟೇಜ್ ಸಿಗದ ದಿನಗಳಲ್ಲಿ ಅಪ್ಪ ರಾತ್ರಿ 2 ಗಂಟೆಗೆ ಎದ್ದು ಸ್ಪ್ರಿಂಕ್ಲರ್ ಬಿಡಲು ಹೋಗುತ್ತಾರೆ. ಇವನು ನಾಲ್ಕು ಹೆಜ್ಜೆ ಮುಂದೆ. ಒಂದು ರಾತ್ರಿ ತೋಡು ದಾಟುವ ಸಂಕದ ಹತ್ತಿರ ಅಡ್ಡ ನಿಂತುಬಿಟ್ಟನಂತೆ. ಗದರಿಸಿದರೂ ಕದಲಲಿಲ್ಲ. ಟಾರ್ಚ್ ಬಿಟ್ಟು ನೋಡಿದರೆ ಸೋಗೆಯ ಅಡಿಯಲ್ಲಿ ಕನ್ನಡಿ ಹಾವು. ಅಪ್ಪ ಇದನ್ನು ನಮಗೆ ಹೇಳಿದ್ದು ಮೊನ್ನೆ, ಅವನನ್ನು ಹೂಳಿದ ಮೇಲೆ.

ಬೇಸಗೆಯಲ್ಲಿ ಅವನ ಜಾಗ ಸುರಂಗದ ಬಾಯಿ. ಅಜ್ಜನ ಕಾಲದಲ್ಲಿ ಗುಡ್ಡ ಕೊರೆಸಿ ಮಾಡಿದ ಸುರಂಗ, ಮನೆಗೆ ನೀರು ಅದರದ್ದೇ. ಒಳಗಿನಿಂದ ತಣ್ಣಗೆ ಗಾಳಿ ಬರುತ್ತದೆ. ಅಲ್ಲಿಯೇ ಮಲಗಿಸೋಣ ಎಂದಳು ಅಮ್ಮ. ಕುಡಿಯುವ ನೀರು, ಬೇಡ ಎಂದರು ಅಪ್ಪ. ಕೊನೆಗೆ ತೋಟದ ಕೆಳಗಿನ ಹಲಸಿನ ಮರದ ಹತ್ತಿರ ಹೂತೆವು. ಮುರಕಲ್ಲಿನ ನೆಲ, ಒಣಗಿ ಕಬ್ಬಿಣವಾಗಿತ್ತು. ಹಾರೆ ಹಿಡಿದು ನಾಲ್ಕು ಅಡಿ ಇಳಿಯಲು ಮೂರು ಗಂಟೆ ಬೇಕಾಯಿತು. ಅಪ್ಪ ಯಾರ ಕೈಗೂ ಹಾರೆ ಕೊಡಲಿಲ್ಲ.

ಕಿಡ್ನಿ ಹೋಗಿತ್ತು. ಎರಡು ತಿಂಗಳಿಂದ ನೀರು ಜಾಸ್ತಿ ಕುಡಿಯುತ್ತಿದ್ದ. ಬೇಸಗೆ ಅಲ್ವಾ ಎಂದುಕೊಂಡೆವು. ಅದೇ ನನ್ನನ್ನು ತಿನ್ನುತ್ತಿದೆ. ಆಗಲೇ ತೋರಿಸಿದ್ದರೆ ಉಳಿಯುತ್ತಿದ್ದನಾ?

ಕಾವಲಿಗೆ ಹೊಯ್ದ ಮೊದಲ ದೋಸೆ ಸರಿಯಾಗಿ ಏಳುವುದಿಲ್ಲ. ಅದು ಯಾವತ್ತೂ ಕೆಂಚನದು. ಅಮ್ಮ ಈಗಲೂ ಅದನ್ನು ಬದಿಗೆ ತೆಗೆದಿಡುತ್ತಾಳೆ. ಆಮೇಲೆ ನೆನಪಾಗಿ ಅಲ್ಲೇ ನಿಂತುಬಿಡುತ್ತಾಳೆ. ಒಂದು ನಾಯಿಗೆ ಇಷ್ಟು ಅಳುವುದಾ ಎಂದು ಬಂಧುಗಳು ಕೇಳಿ ಹೋದರು. ಅಂದಿನಿಂದ ಅವಳು ನಮ್ಮೆದುರೂ ಅಳುತ್ತಿಲ್ಲ. ಪರಿಚಯದವರ ಮನೆಯಲ್ಲಿ ಮರಿಗಳಿವೆ, ಒಂದು ಕೊಡುತ್ತಾರಂತೆ. ಇಷ್ಟು ಬೇಗ ತಂದರೆ ಕೆಂಚನಿಗೆ ಮೋಸ ಮಾಡಿದ ಹಾಗಾಗುತ್ತದಾ?

ಉತ್ತರ: ಪಶು ಆಸ್ಪತ್ರೆಯಲ್ಲಿದ್ದವನು

ತಂಗಿ, ಮೊದಲು ಕಿಡ್ನಿಯ ವಿಷಯ. ನಾಯಿ ನೀರು ಜಾಸ್ತಿ ಕುಡಿಯಲು ಶುರು ಮಾಡುವ ಹೊತ್ತಿಗೆ ಕಿಡ್ನಿಯ ಮೂರರಲ್ಲಿ ಎರಡು ಪಾಲು ಕೆಲಸ ನಿಂತಿರುತ್ತದೆ. ಕಿಡ್ನಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಶ್ಮಲ ರಕ್ತ ಪರೀಕ್ಷೆಯಲ್ಲಿ ಏರಿ ಕಾಣುವುದು ಸಾಮಾನ್ಯವಾಗಿ ನಾಲ್ಕರಲ್ಲಿ ಮೂರು ಪಾಲು ಹೋದ ಮೇಲೆ. ಕೆಟ್ಟ ಭಾಗ ಮತ್ತೆ ಚಿಗುರುವುದಿಲ್ಲ. ಬೇಗ ತೋರಿಸಿದ್ದರೆ ಪಥ್ಯದಿಂದ, ಡ್ರಿಪ್ಪಿನಿಂದ ಸ್ವಲ್ಪ ಸಮಯ ಸಿಗುತ್ತಿತ್ತೇನೋ. ಗುಣವಾಗುತ್ತಿರಲಿಲ್ಲ. ಊರ ನಾಯಿ 13 ವರ್ಷ ಬದುಕಿದೆ ಎಂದರೆ ನೀವು ಚೆನ್ನಾಗಿ ನೋಡಿಕೊಂಡಿದ್ದೀರಿ. ನೀವು ಕಾಣದೆ ಹೋದದ್ದನ್ನು ನಾವೂ ಎಷ್ಟೋ ಸಲ ಕಾಣುವುದಿಲ್ಲ.

ಮರಿ ತರುವುದಾದರೆ ಎರಡು ತಿಂಗಳು ತುಂಬಲಿ. ತಾಯಿಯ ಜೊತೆ ಇರಲಿ ಅಲ್ಲಿಯ ತನಕ. ಪಾರ್ವೋ ಎಂಬ ವಾಂತಿಭೇದಿ ರೋಗದ ಲಸಿಕೆ ಆರರಿಂದ ಎಂಟು ವಾರಕ್ಕೆ ಶುರು, ಹುಚ್ಚುನಾಯಿ ರೋಗದ ಲಸಿಕೆ ಮೂರು ತಿಂಗಳಿಗೆ. ಇದನ್ನು ಮಾತ್ರ ತಪ್ಪಿಸಬೇಡಿ.

ಉತ್ತರ: ನೀರ್ಚಾಲಿನ ಮಾಷ್ಟ್ರು

ಮಗಳೇ, ಒಂದು ನಾಯಿಗೆ ಇಷ್ಟಾ ಎಂದು ಕೇಳಿದವರಿಗೆ ಆತಕೂರಿನ ಕಲ್ಲಿನ ಕಥೆ ಹೇಳು. ನಾನು ಕ್ಲಾಸಿನಲ್ಲಿ ಪ್ರತಿ ವರ್ಷ ಹೇಳುತ್ತಿದ್ದೆ. ಈಗಿನ ಮಂಡ್ಯ ಜಿಲ್ಲೆಯ ಊರು, ಕ್ರಿ.ಶ. 950ರ ಸುಮಾರಿನ ಶಾಸನ. ತಕ್ಕೋಲದ ಯುದ್ಧದಲ್ಲಿ ಗಂಗರ ದೊರೆ ಬೂತುಗನ ಕಡೆಯ ಮಣಲೇರ ಎಂಬ ವೀರ ಚೋಳರ ವಿರುದ್ಧ ಹೋರಾಡಿದ. ಒಡೆಯ ಮೆಚ್ಚಿ, ಏನು ಬೇಕೋ ಕೇಳು ಎಂದ. ಅವನು ಊರು ಕೇಳಲಿಲ್ಲ, ಚಿನ್ನ ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೊಡಿ ಎಂದ. ಆ ಕಾಳಿ ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ದೇವಸ್ಥಾನದ ಎದುರು ಅವಳಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಪೂಜೆ ಮಾಡದೆ ಗೊರವ, ಅಂದರೆ ಅಲ್ಲಿಯ ಶೈವ ಪೂಜಾರಿ, ಉಂಡರೆ ಪಾಪ ಎಂದೂ ಬರೆಸಿದ್ದಾರೆ. ನಾಯಿಯೂ ಹಂದಿಯೂ ಕಾದಾಡುವ ಚಿತ್ರ ಆ ಕಲ್ಲಿನ ಮೇಲಿದೆ. ಈಗ ಅದು ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ.

ನಿನ್ನ ಅಮ್ಮನಿಗೆ ಓದಿ ಹೇಳು. ಅವರು ಅಳಲಿ.

ಉತ್ತರ: ಕುಂಬಳೆಯವಳು

ನಮ್ಮ ಮನೆ ಅನಂತಪುರ ದೇವಸ್ಥಾನಕ್ಕೆ ಹತ್ತಿರ. 2022ರ ಅಕ್ಟೋಬರ್‌ನಲ್ಲಿ ಅಲ್ಲಿಯ ಕೆರೆಯ ಮೊಸಳೆ ಬಬಿಯಾ ತೀರಿಕೊಂಡಾಗ ಎಷ್ಟು ಜನ ಬಂದರು ನೋಡಿ. ಒಂದು ಮೊಸಳೆಗೆ ಹೂ ಹಾಕಿ ಕೈ ಮುಗಿದು ಹೋದರು. ನಾನೂ ಮಗುವನ್ನು ಎತ್ತಿಕೊಂಡು ಸಾಲಿನಲ್ಲಿ ನಿಂತಿದ್ದೆ. ಮೊಸಳೆಗಾ ಎಂದು ಯಾರೂ ಕೇಳಲಿಲ್ಲ. ಮರುವರ್ಷ ನವೆಂಬರ್‌ನಲ್ಲಿ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿತು. ಜನ ಖುಷಿಯಿಂದ ನೋಡಲು ಹೋದರು. ಆದರೂ ನನ್ನ ಅತ್ತೆ ಇವತ್ತಿಗೂ ಕೆರೆಯ ಕಡೆ ನೋಡಿ ಬಬಿಯಾ ಎಂದೇ ಹೇಳುವುದು. ಒಂದು ಬಂತೆಂದು ಇನ್ನೊಂದು ಮರೆತುಹೋಗಲಿಲ್ಲ, ಅಕ್ಕ.

ನಮ್ಮ ಜಿಮ್ಮಿ ಹೋದ ಮೇಲೆ ನಾವು ಏಳು ತಿಂಗಳು ಕಾದೆವು. ಮನೆ ತುಂಬಾ ಮೌನವಾಗಿತ್ತು. ಅಷ್ಟು ಕಾಯಬಾರದಿತ್ತು ಎಂದು ನನಗೆ ಈಗ ಅನಿಸುತ್ತದೆ.

ಪೆರ್ಲದ ಮಗಳು

ಎಲ್ಲರ ಉತ್ತರವನ್ನೂ ನಿನ್ನೆ ರಾತ್ರಿ ಜಗಲಿಯಲ್ಲಿ ಕೂತು ಜೋರಾಗಿ ಓದಿದೆ. ಕಿಡ್ನಿಯ ಮಾತನ್ನು ಅಪ್ಪ ಎರಡು ಸಲ ಓದಿಸಿದರು. ಅವರಿಗೂ ಅದೇ ಕೊರಗಿತ್ತು ಎಂದು ನನಗೆ ಗೊತ್ತೇ ಇರಲಿಲ್ಲ. ಕಾಳಿಯ ಕಥೆ ಕೇಳಿ ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ತುಂಬಾ ಹೊತ್ತು ಅತ್ತಳು. ಮಾಷ್ಟ್ರೇ, ನಿಮಗೆ ಕೈ ಮುಗಿಯುತ್ತೇನೆ.

ಬೆಳಿಗ್ಗೆ ನಾನು ಏಳುವ ಮೊದಲೇ ಅಪ್ಪ ಒಂದು ಮುರಕಲ್ಲನ್ನು ಹೊತ್ತುಕೊಂಡು ಹೋಗಿ ಹಲಸಿನ ಮರದ ಹತ್ತಿರ ನಿಲ್ಲಿಸಿ ಬಂದಿದ್ದಾರೆ. ಅದರ ಮೇಲೆ ಏನೂ ಬರೆದಿಲ್ಲ.

ಮರಿ ಮೇ ಕೊನೆಯಲ್ಲಿ ಬರುವ ಪತ್ತನಾಜೆ ಕಳೆದ ಮೇಲೆ ಬರಲಿ ಎಂದಿದ್ದಾಳೆ ಅಮ್ಮ. ಅಷ್ಟರಲ್ಲಿ ಅದಕ್ಕೆ ಎರಡು ತಿಂಗಳು ತುಂಬುತ್ತದೆ. ಆಸ್ಪತ್ರೆಯಲ್ಲಿದ್ದ ಅಣ್ಣನವರಲ್ಲಿ ಒಂದು ಕೇಳುವುದಿತ್ತು. ಕೆಂಚ ಮಲಗುತ್ತಿದ್ದ ಗೋಣಿ ಇದೆ. ಅದನ್ನು ಮರಿಗೆ ಹಾಸಬಹುದಾ? ಒಗೆದು ಬಿಸಿಲಿಗೆ ಹಾಕಿದರೆ ಸಾಕಾ?