ಸಹಾಯ ಬೇಕು: ಉರುಮಿ ಬೀಸೋ ಫೈಟರ್‌ಗೆ ಎಬಿಲಿಟಿ ಹೇಗೆ ಮಾಡ್ಲಿ?

ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ದಾಳ ಹಾಕಿ ಪಾತ್ರ ಆಡೋ ಆಟ) 5ನೇ ಎಡಿಷನ್‌ಗೆ ಒಬ್ಬ ಫೈಟರ್ (ಯೋಧನ ಪಾತ್ರ) ಮಾಡ್ತಿದೀನಿ ಗುರುಗಳೇ, ಕೈಗೆ ಕೇರಳದ ಕಳರಿ ಸಮರಕಲೆಯವ್ರ ಉರುಮಿ ಕೊಡ್ಬೇಕು ಅಂತ ಆಸೆ, ಅದೇ ಸೊಂಟಕ್ಕೆ ಬೆಲ್ಟ್ ಥರ ಸುತ್ಕೊಳೋ ಬಳುಕೋ ಕತ್ತಿ. ಸದ್ಯಕ್ಕೆ ಆಟದಲ್ಲಿರೋ ಚಾವಟಿ, ಅಂದ್ರೆ ವಿಪ್‌ದೇ ಲೆಕ್ಕ ಇಟ್ಕೊಂಡಿದೀನಿ, 10 ಅಡಿ ರೀಚ್ ಓಕೆ, ಆದ್ರೆ ಡ್ಯಾಮೇಜ್ ಬರೀ 1ಡಿ4 (ನಾಲ್ಕು ಮುಖದ ಒಂದು ದಾಳ), ಸೊಳ್ಳೆ ಹೊಡ್ದಂಗೆ. ಫೈಟರ್‌ನ ಬ್ಯಾಟಲ್ ಮಾಸ್ಟರ್ ಅನ್ನೋ ಉಪವರ್ಗ ತಗೊಂಡ್ರೆ 3ನೇ ಲೆವೆಲ್‌ಗೆ ವಿಶೇಷ ಪಟ್ಟುಗಳಿಗೆ ಖರ್ಚು ಮಾಡೋಕೆ 4 ಡಿ8 ಡೈಸ್ (ಎಂಟು ಮುಖದ ದಾಳ) ಸಿಗತ್ತೆ, ಎದುರಾಳಿನ ಬೀಳಿಸೋ ಟ್ರಿಪ್ ಅಟ್ಯಾಕ್ ಅಂತೂ ಇದಕ್ಕೇ ಹೇಳಿ ಮಾಡಿಸ್ದಂಗಿದೆ. ನನ್ನ ಐಡಿಯಾ ಏನಂದ್ರೆ ಒಂದು ಡೈ ಖರ್ಚು ಮಾಡಿ ಸುತ್ತ 5 ಅಡಿಯೊಳಗಿರೋ ಎಲ್ರಿಗೂ ಬೀಸೋದು, ಡೆಕ್ಸ್ಟೆರಿಟಿ ಸೇವ್ (ತಪ್ಪಿಸ್ಕೊಳೋಕೆ ಹಾಕೋ ದಾಳ) ತಪ್ಪಿದ್ರೆ ಏಟು, ಪಕ್ಕದಲ್ಲಿ ನಮ್ಮವ್ರಿದ್ರೆ ಅವ್ರಿಗೂ ಬೀಳ್ಬೇಕು (ಉರುಮಿ ಅಂದ್ರೆ ಬೀಸೋನಿಗೇ ಭಯ ಅಲ್ವಾ). 3ನೇ ಲೆವೆಲ್‌ಗೆ ಇದು ಜಾಸ್ತಿ ಆಯ್ತಾ? ನಮ್ಮ ಡಿಎಂ (ಆಟ ನಡೆಸೋರು) ಒಪ್ಪೋ ಥರ ಹೇಗೆ ಬ್ಯಾಲೆನ್ಸ್ ಮಾಡ್ಲಿ, ಶನಿವಾರನೇ ಸೆಷನ್ ಇದೆ.