ಹಡಗಿನಲ್ಲಿ ಕಳೆದ ರಾತ್ರಿಗೆ ಗೌರವವೋ, ಖರ್ಚು ಮಾಡಿದ ಡಾಲರಿಗೋ?

ಹ್ಯೂಸ್ಟನ್ ಕನ್ನಡಿಗ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಗ್ಯಾಲ್ವೆಸ್ಟನ್ ಬಂದರು ನಮ್ಮ ಮನೆಯಿಂದ ಸುಮಾರು ಒಂದು ಗಂಟೆಯ ದಾರಿಯಾದ್ದರಿಂದ, ವಿಮಾನದ ಗೋಜಿಲ್ಲದೆ ವರ್ಷಕ್ಕೊಮ್ಮೆಯಾದರೂ ಕ್ರೂಸ್ ಹಡಗು ಹತ್ತುವುದು ನನಗೂ ನನ್ನ ಪತ್ನಿಗೂ ರೂಢಿಯಾಗಿದೆ. ರಾಯಲ್ ಕೆರಿಬಿಯನ್ ಕ್ರೂಸ್ ಸಂಸ್ಥೆಯು ಮತ್ತೆ ಮತ್ತೆ ಬರುವ ಪ್ರಯಾಣಿಕರಿಗೆ ದರ್ಜೆ, ಸವಲತ್ತು ಕೊಡುವ ಯೋಜನೆಯಾದ ಕ್ರೌನ್ ಅಂಡ್ ಆಂಕರ್ ಸೊಸೈಟಿಯಲ್ಲಿ ಒಂದು ರಾತ್ರಿಗೆ ಒಂದು ಅಂಕ, ಸೂಟ್‌ನಲ್ಲಿದ್ದರೆ (ದುಬಾರಿಯಾದ ದೊಡ್ಡ ಕ್ಯಾಬಿನ್) ಎರಡು. ಈ ಲೆಕ್ಕದಲ್ಲಿ ನಾವು 80 ಅಂಕ ಮುಟ್ಟಿ ಡೈಮಂಡ್ ದರ್ಜೆಗೆ ಬಂದಿದ್ದೇವೆ. ಸಾಧಾರಣ ಕ್ಯಾಬಿನ್ನಿನಲ್ಲಿ ಏಳು ರಾತ್ರಿಯ ಯಾತ್ರೆಗಳನ್ನೇ ಮಾಡಿದರೆ ಅಲ್ಲಿಗೆ ತಲುಪಲು ಹನ್ನೆರಡು ಯಾತ್ರೆ ಬೇಕು. ಅತ್ಯುನ್ನತವಾದ ಪಿನಾಕಲ್ ದರ್ಜೆಗೆ 700 ಅಂಕ, ಎಂದರೆ ನೂರು ಯಾತ್ರೆ. ಅದು ಈ ಜನ್ಮದಲ್ಲಿ ನಮಗಿಲ್ಲ.

ಈ ನಡುವೆ ಇನ್ನೊಂದು ಕ್ರೂಸ್ ಸಂಸ್ಥೆಯಾದ ಕಾರ್ನಿವಲ್ ತನ್ನ ಇಂಥದೇ ಯೋಜನೆಯನ್ನು ಬುಡಸಮೇತ ಬದಲಿಸುವುದಾಗಿ 2025ರ ಜೂನ್‌ನಲ್ಲಿ ಪ್ರಕಟಿಸಿತು. ಹಳೆಯ ಪದ್ಧತಿಯಲ್ಲಿ ದಿನಕ್ಕೊಂದು ಅಂಕದಂತೆ 200 ಅಂಕಕ್ಕೆ ಡೈಮಂಡ್ ಸಿಗುತ್ತಿತ್ತು. ಹೊಸ ಪದ್ಧತಿಯಲ್ಲಿ ಟಿಕೆಟ್ಟಿಗೆ, ಹಡಗಿನೊಳಗಿನ ಖರೀದಿಗೆ ಮತ್ತು ಸಂಸ್ಥೆಯ ಕ್ರೆಡಿಟ್ ಕಾರ್ಡಿನ ಮೂಲಕ ಮಾಡಿದ ಖರ್ಚೇ ದರ್ಜೆಯನ್ನು ನಿರ್ಧರಿಸುತ್ತದೆ ಮತ್ತು ದರ್ಜೆಯ ಲೆಕ್ಕವೆಲ್ಲ ಎರಡು ವರ್ಷಗಳ ಅವಧಿಗೆ ಕಟ್ಟಿಕೊಂಡಿದೆ. ಇದನ್ನು ಓದಿದಾಗಿನಿಂದ ನಮ್ಮ ಮನೆಯಲ್ಲಿ ಚರ್ಚೆ ನಡೆದೇ ಇದೆ. ಮತ್ತೆ ಮತ್ತೆ ಬರುವ ಪ್ರಯಾಣಿಕರನ್ನು ಯಾವ ಅಳತೆಗೋಲಿನಿಂದ ಗುರುತಿಸುವುದು ನ್ಯಾಯ? ಯಾವ ಸವಲತ್ತು ನಿಜವಾಗಿ ಉಪಯೋಗಕ್ಕೆ ಬರುತ್ತದೆ? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಅಂಕಗಣಿತ:

ಬೆಂಗಳೂರಿನಲ್ಲಿ ಕುಳಿತು ಹೋಟೆಲುಗಳ ಇಂಥದೇ ಯೋಜನೆಗಳ ಲೆಕ್ಕ ನೋಡುವುದು ನನ್ನ ಉದ್ಯೋಗವಾದ್ದರಿಂದ ನಾಲ್ಕು ಮಾತು ಬರೆಯುತ್ತೇನೆ.

ಖರ್ಚನ್ನೇ ಅಳತೆಗೋಲಾಗಿಸುವ ಈ ದಾರಿಯನ್ನು ಮೊದಲು ತುಳಿದವು ವಿಮಾನ ಸಂಸ್ಥೆಗಳು. ಅಮೆರಿಕನ್ ಏರ್‌ಲೈನ್ಸ್ 1981ರಲ್ಲಿ ಆಡ್ವಾಂಟೇಜ್ ಎಂಬ ತನ್ನ ಪ್ರಯಾಣಿಕರ ಯೋಜನೆಯನ್ನು ಆರಂಭಿಸಿದಾಗ ಹಾರಿದ ಮೈಲಿಗೆ ಬೆಲೆಯಿತ್ತು. 2015ರಲ್ಲಿ ಡೆಲ್ಟಾ ಮತ್ತು ಯುನೈಟೆಡ್ ಸಂಸ್ಥೆಗಳು ದೂರವನ್ನು ಬಿಟ್ಟು ಟಿಕೆಟ್ಟಿಗೆ ಕೊಟ್ಟ ಹಣವನ್ನು ಆಧರಿಸಿ ಮೈಲಿ ಎಂಬ ಹೆಸರಿನ ಅಂಕಗಳನ್ನು ಹಂಚತೊಡಗಿದವು. ಆದರೆ ಹಡಗಿಗೂ ವಿಮಾನಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ದುಬಾರಿ ವಿಮಾನ ಟಿಕೆಟ್ಟಿನ ಹಣವನ್ನು ಬಹಳ ಸಲ ಪ್ರಯಾಣಿಕನ ಕಂಪನಿ ಕೊಡುತ್ತದೆ, ಅಂಕ ಮಾತ್ರ ಅವನ ಖಾತೆಗೆ ಸೇರುತ್ತದೆ. ಕ್ರೂಸ್ ಪ್ರಯಾಣಿಕ ಸ್ವಂತ ಉಳಿತಾಯದಿಂದ ಕೊಡುತ್ತಾನೆ. ಕಂಪನಿಯ ದುಡ್ಡಿಗಾಗಿ ಹೊಲಿದ ಅಂಗಿಯನ್ನು ನಿವೃತ್ತ ದಂಪತಿಗೆ ತೊಡಿಸಿದರೆ ಅದು ಮೈಗೆ ಹೊಂದುವುದು ಕಷ್ಟ.

ಎರಡನೆಯದಾಗಿ, ಖರ್ಚು ಎಂಬುದು ನಿಷ್ಠೆಯನ್ನು ಅಳೆಯುವುದಕ್ಕಿಂತ ಹೆಚ್ಚಾಗಿ ಪಂಚಾಂಗವನ್ನು ಅಳೆಯುತ್ತದೆ. ಅದೇ ಹಡಗಿನ ಅದೇ ಕ್ಯಾಬಿನ್ನಿಗೆ ಶಾಲೆಗಳ ರಜೆಯಲ್ಲಿ ಒಂದು ದರ, ಸೆಪ್ಟೆಂಬರಿನ ಚಂಡಮಾರುತದ ಕಾಲದಲ್ಲಿ ಇನ್ನೊಂದು ದರ. ಕ್ರಿಸ್‌ಮಸ್ ವಾರದಲ್ಲಿ ಒಮ್ಮೆ ಮಾತ್ರ ಬಂದು ಹೋದ ಕುಟುಂಬವು, ಖಾಲಿ ಉಳಿಯಬಹುದಾಗಿದ್ದ ಕ್ಯಾಬಿನ್ನುಗಳನ್ನು ವರ್ಷಕ್ಕೆ ಮೂರು ಬಾರಿ ತುಂಬಿಸಿದ ದಂಪತಿಗಿಂತ ಹೆಚ್ಚು ನಿಷ್ಠಾವಂತವೆಂದು ಕಾಣಿಸಿದರೆ, ಲೆಕ್ಕ ತಪ್ಪಿಲ್ಲದಿದ್ದರೂ ಅಳತೆಗೋಲು ತಪ್ಪು.

ಹಾಗೆಂದು ರಾತ್ರಿಯ ಎಣಿಕೆಯೇ ದೋಷವಿಲ್ಲದ್ದೆಂದು ನಾನು ಹೇಳುತ್ತಿಲ್ಲ. ಪ್ರಿನ್ಸೆಸ್ ಎಂಬ ಕ್ರೂಸ್ ಸಂಸ್ಥೆಯಲ್ಲಿ ಬಹುಕಾಲ 15 ಯಾತ್ರೆಗಳು ಅಥವಾ 151 ದಿನಗಳು, ಯಾವುದು ಮೊದಲೋ ಅದಕ್ಕೆ ಎಲೀಟ್ ದರ್ಜೆ ಸಿಗುತ್ತಿತ್ತು. ಸಣ್ಣ ಸಣ್ಣ ಯಾತ್ರೆಗಳನ್ನೇ ಆರಿಸಿಕೊಂಡವರು ಎಷ್ಟು ಬೇಗ ಮೇಲೇರಬಹುದಿತ್ತೆಂಬುದನ್ನು ನೀವೇ ಊಹಿಸಿ. ಸೆಲೆಬ್ರಿಟಿ ಸಂಸ್ಥೆಯದು ಕ್ಯಾಬಿನ್ನಿನ ವರ್ಗಕ್ಕೆ ತಕ್ಕ ಅಂಕ. ಹಾಲೆಂಡ್ ಅಮೆರಿಕ ಸಂಸ್ಥೆ ದಿನಗಳನ್ನೇ ಮುಖ್ಯವಾಗಿಟ್ಟುಕೊಂಡು, ಹಡಗಿನಲ್ಲಿ ಮಾಡಿದ ಪ್ರತಿ 300 ಡಾಲರ್ ಖರ್ಚಿಗೆ ಒಂದು ದಿನವನ್ನು ಸೇರಿಸುವ ಪದ್ಧತಿಯನ್ನು ಬಹುಕಾಲದಿಂದ ಇಟ್ಟುಕೊಂಡಿದೆ.

ನನ್ನ ಅಭಿಪ್ರಾಯವಿಷ್ಟೇ: ಗೌರವವನ್ನೂ ರಿಯಾಯಿತಿಯನ್ನೂ ಒಂದೇ ಚೀಲಕ್ಕೆ ತುಂಬಬಾರದು. ದರ್ಜೆ ರಾತ್ರಿಗಳಿಂದ ಬರಲಿ, ಒಮ್ಮೆ ಬಂದದ್ದು ಉಳಿಯಲಿ. ಖರ್ಚಿನ ಒಂದು ಪಾಲು ಮುಂದಿನ ಟಿಕೆಟ್ಟಿಗೆ ಜಮೆಯಾಗಲಿ, ಅದಕ್ಕೆ ಬೇಕಾದರೆ ಅವಧಿಯ ಮಿತಿ ಇರಲಿ.

ಮಲ್ಪೆಯವ:

ಅಂಕಗಣಿತ ಅವರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ದರ್ಜೆ ಎಂದೆಂದಿಗೂ ಉಳಿಯಲಿ ಎಂಬುದನ್ನು ಹಡಗಿನ ಒಳಗಿನಿಂದ ನೋಡಿದವನು ಅಷ್ಟು ಸುಲಭವಾಗಿ ಒಪ್ಪಲಾರ. ನಮ್ಮ ಕರಾವಳಿಯ ಅನೇಕ ಹುಡುಗರಂತೆ ನಾನೂ ಹಡಗಿಗೆ ಸೇರಿ ಹನ್ನೊಂದು ವರ್ಷ ರೆಸ್ಟೋರೆಂಟ್ ಮತ್ತು ಬಾರ್ ವಿಭಾಗದಲ್ಲಿ ದುಡಿದೆ. ವಸಂತಕಾಲದಲ್ಲಿ ಹಡಗುಗಳು ಕೆರಿಬಿಯನ್ನಿನಿಂದ ಯುರೋಪಿಗೆ ಅಟ್ಲಾಂಟಿಕ್ ದಾಟಿ ಹೋಗುವಾಗ ಹತ್ತುವವರಲ್ಲಿ ಹೆಚ್ಚಿನವರು ಹಳೆಯ ಗಿರಾಕಿಗಳೇ. ಆ ಯಾತ್ರೆಗಳಲ್ಲಿ ಮೇಲಿನ ದರ್ಜೆಯವರಿಗೆಂದು ಮೀಸಲಿಟ್ಟ ಲಾಂಜ್‌ನಲ್ಲಿ ಸಂಜೆ ಐದಕ್ಕೆ ನಿಲ್ಲಲೂ ಜಾಗವಿರುತ್ತಿರಲಿಲ್ಲ. ವಿಶೇಷ ಸಾಲು ಸಾಮಾನ್ಯ ಸಾಲಿಗಿಂತ ಉದ್ದವಾಗಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಯಾರನ್ನೂ ಕೆಳಗಿಳಿಸದ ಏಣಿಯಲ್ಲಿ ಮೇಲಿನ ಮೆಟ್ಟಿಲು ತುಂಬಿಹೋಗುವುದು ಸಹಜ.

ಇದಕ್ಕೆ ದರ್ಜೆ ಕಸಿದುಕೊಳ್ಳುವುದು ಪರಿಹಾರವಲ್ಲ, ಸವಲತ್ತನ್ನು ಬದಲಿಸುವುದು ಪರಿಹಾರ. ಲಾಂಜ್‌ನಲ್ಲಿ ಕುರ್ಚಿಗಳು ಇಷ್ಟೇ. ಅದರ ಬದಲು ದಿನಕ್ಕೆ ನಾಲ್ಕು ಉಚಿತ ಪಾನೀಯಗಳನ್ನು ಪ್ರಯಾಣಿಕನ ಹಡಗಿನ ಕಾರ್ಡಿಗೆ ಹಾಕಿಕೊಟ್ಟರೆ ಜನ ಹಡಗಿನ ಎಲ್ಲ ಬಾರುಗಳಿಗೂ ಹಂಚಿಹೋಗುತ್ತಾರೆ. (ಉಚಿತ ಪಾನೀಯ ತೆಗೆದುಕೊಂಡಾಗಲೂ ತಂದುಕೊಟ್ಟವನಿಗೆ ಒಂದು ಡಾಲರ್ ಇಡುವುದನ್ನು ಮರೆಯಬೇಡಿ ಎಂದು ಈ ಸಂದರ್ಭದಲ್ಲಿ ಕೋರುತ್ತೇನೆ.) ನಾನು ಕಂಡಂತೆ ಹಿರಿಯ ಪ್ರಯಾಣಿಕರು ಅತ್ಯಂತ ಹೆಚ್ಚು ಮೆಚ್ಚುತ್ತಿದ್ದುದು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಸೌಲಭ್ಯವನ್ನು; ಎರಡು ವಾರದ ಯಾತ್ರೆಗೆ ಒಂದೇ ಪೆಟ್ಟಿಗೆ ಸಾಕಾಗುತ್ತದೆ. ಇನ್ನೊಂದು, ಹಡಗಿನಿಂದ ದಡಕ್ಕೆ ಜನರನ್ನು ಒಯ್ಯುವ ಟೆಂಡರ್ ದೋಣಿಯಲ್ಲಿ ಆದ್ಯತೆ. ಗ್ರಾಂಡ್ ಕೇಮನ್‌ನ ಜಾರ್ಜ್ ಟೌನ್, ಬೆಲೀಜ್ ಸಿಟಿಯಂಥ ಕಡೆ ಹಡಗು ದಡಕ್ಕೆ ತಾಗದೆ ಹೊರಗೇ ಲಂಗರು ಹಾಕುತ್ತದೆ. ಅಲ್ಲಿ ಮೊದಲ ದೋಣಿಗೆ ಇಳಿದವರಿಗೂ ಹತ್ತನೆಯ ದೋಣಿಗೆ ಇಳಿದವರಿಗೂ ಅರ್ಧ ದಿನದ ವ್ಯತ್ಯಾಸವಾಗಬಹುದು. ಇದರಲ್ಲಿ ಸಂಸ್ಥೆಗೆ ಕಾಸೂ ಖರ್ಚಿಲ್ಲ.

ಒಬ್ಬಳೇ ಪಯಣಿಸುವವಳು:

ಮೇಲಿನ ಎಲ್ಲರೂ ದಂಪತಿಗಳ ಲೆಕ್ಕವನ್ನೇ ಹೇಳುತ್ತಿದ್ದೀರಿ. ಯಜಮಾನರು ತೀರಿಕೊಂಡ ಮೇಲೆ ನಾನು ನ್ಯೂಜೆರ್ಸಿಯ ಬೇಯಾನ್ ಬಂದರಿನಿಂದ ಒಬ್ಬಳೇ ಹೋಗುತ್ತೇನೆ. ಇಬ್ಬರ ಕ್ಯಾಬಿನ್ನಿನಲ್ಲಿ ಒಬ್ಬರೇ ಇದ್ದರೆ ಸಾಮಾನ್ಯವಾಗಿ ಇಬ್ಬರ ದರವನ್ನೇ ಕೊಡಬೇಕು. ಹಾಗೆ ಕೊಟ್ಟವರಿಗೆ ಕ್ರೌನ್ ಅಂಡ್ ಆಂಕರ್‌ನಲ್ಲಿ ರಾತ್ರಿಗೆ ಒಂದು ಅಂಕ ಹೆಚ್ಚು ಸಿಗುತ್ತದೆ, ಅದು ಸರಿ. ಆದರೆ ಅದನ್ನು ಔದಾರ್ಯವೆಂದು ಕರೆಯಬೇಡಿ, ನಾನು ಎರಡನೆಯ ಹಾಸಿಗೆಗೆ ಹಣ ಕೊಟ್ಟಿದ್ದೇನೆ. ಒಬ್ಬರ ದರದ ಶೇ. 200ರ ಬದಲು ಶೇ. 150 ಕೊಟ್ಟರೆ ಸಾಕೆಂಬ ರಿಯಾಯಿತಿ 340 ಅಂಕಗಳಾದ ಮೇಲೆ ಲಭ್ಯ. ರಾತ್ರಿಗೆ ಎರಡು ಅಂಕದಂತೆ ಎಣಿಸಿದರೂ 170 ರಾತ್ರಿಗಳು. ಅರವತ್ತೆಂಟರ ವಯಸ್ಸಿನಲ್ಲಿ ನನಗೆ ಬೇಕಾದದ್ದು ಪಾನೀಯವಲ್ಲ. ನಾನು ಮದ್ಯ ಮುಟ್ಟುವವಳೂ ಅಲ್ಲ. ಆ ಒಂದು ರಿಯಾಯಿತಿಯನ್ನು 80 ಅಂಕಕ್ಕೇ ಕೊಟ್ಟರೆ ನಾನು ವರ್ಷಕ್ಕೆ ಒಂದರ ಬದಲು ಎರಡು ಯಾತ್ರೆ ಮಾಡುತ್ತೇನೆ.

ಹ್ಯೂಸ್ಟನ್ ಕನ್ನಡಿಗ:

ತಮ್ಮೆಲ್ಲರಿಗೂ ಧನ್ಯವಾದಗಳು. ಮೇಡಂ ಅವರ ಮಾತು ಓದಿದಾಗ ಇನ್ನೊಂದು ಸಂಗತಿ ಹೊಳೆಯಿತು. ಕ್ರೌನ್ ಅಂಡ್ ಆಂಕರ್‌ನಲ್ಲಿ ಒಂದೇ ವಿಳಾಸದಲ್ಲಿರುವ ದಂಪತಿಗಳಲ್ಲಿ ಒಬ್ಬರ ದರ್ಜೆ ಇನ್ನೊಬ್ಬರಿಗೂ, ಹದಿನೆಂಟು ತುಂಬದ ಮಕ್ಕಳಿಗೂ ಸಿಗುತ್ತದೆ. ಆದರೆ ಮೈಸೂರಿನಿಂದ ಆರು ತಿಂಗಳಿಗೆಂದು ಬರುವ ನಮ್ಮ ತಂದೆತಾಯಿಯ ವಿಳಾಸ ಬೇರೆ. ಕಳೆದ ಯಾತ್ರೆಯಲ್ಲಿ ನಾವಿಬ್ಬರೂ ಆದ್ಯತೆಯ ಸಾಲಿನಲ್ಲಿ ಇಳಿಯಬಹುದಿತ್ತು, ಎಪ್ಪತ್ತೈದರ ಅಪ್ಪ ಸಾಮಾನ್ಯ ಸಾಲಿನಲ್ಲಿ ನಿಲ್ಲಬೇಕಿತ್ತು. ಸಹಜವಾಗಿ ನಾವೂ ಅವರೊಂದಿಗೇ ನಿಂತೆವು.

ಅಂಕಗಣಿತ:

ಇದು ನನ್ನ ಲೆಕ್ಕದಲ್ಲಿ ಬಿಟ್ಟುಹೋಗಿತ್ತು, ಒಪ್ಪುತ್ತೇನೆ. ವಿಳಾಸದ ಬದಲು ಒಂದೇ ಬುಕಿಂಗ್‌ನಲ್ಲಿ ಬಂದವರೆಲ್ಲರಿಗೂ ಆ ಯಾತ್ರೆಯ ಮಟ್ಟಿಗೆ ಸಾಲಿನ ಆದ್ಯತೆಯನ್ನು ಕೊಡಬಹುದು. ಪಾನೀಯ, ಲಾಂಡ್ರಿಗಳಂಥ ಖರ್ಚಿನ ಸವಲತ್ತುಗಳು ಸದಸ್ಯರಿಗೆ ಮಾತ್ರ ಉಳಿಯಲಿ. ಯಾತ್ರೆ ಮುಗಿದ ಮೇಲೆ ಬರುವ ಅಭಿಪ್ರಾಯ ಸಂಗ್ರಹದಲ್ಲಿ ಇದನ್ನೂ, ಮೇಡಂ ಅವರು ಹೇಳಿದ ಒಂಟಿ ಪ್ರಯಾಣಿಕರ ರಿಯಾಯಿತಿಯನ್ನೂ ದಯವಿಟ್ಟು ಬರೆಯಿರಿ.