ರಾಕೆಟ್ ಬಿತ್ತೋ, ಇಳಿಯಿತೋ, ದಕ್ಕಿತೋ? ‘ರಿಕವರಿ’ಗೆ ಒಂದು ಪದ ಬೇಕು

ಬಳಗದ ಎಲ್ಲರಿಗೂ ನಮಸ್ಕಾರ.

ಎರಡು ವಾರದಿಂದ ಒಂದು ಪದ ಹುಡುಕುತ್ತಿದ್ದೇನೆ. ಹಾರಿದ ರಾಕೆಟ್ ಕೆಡದೆ ಇಳಿದು ಮತ್ತೆ ಕೈಗೆ ಸಿಗುವುದಕ್ಕೆ ಮಾದರಿ ರಾಕೆಟ್ ಹಾರಿಸುವವರು ‘ರಿಕವರಿ’ ಅನ್ನುತ್ತಾರಲ್ಲ, ಅದಕ್ಕೆ ಕನ್ನಡದಲ್ಲಿ ಏನು ಹೇಳೋಣ?

ನಮ್ಮ ಮನೆ ಕಾಪು ಹತ್ತಿರ. ಅಣ್ಣನ ಮಗಳು ಒಂಬತ್ತನೇ ಕ್ಲಾಸು. ಅವಳ ಶಾಲೆಯ ವಿಜ್ಞಾನ ಕ್ಲಬ್‌ಗೆ ಒಂದು ರಾಕೆಟ್ ಕಿಟ್ ಬಂದಿದೆ. ರಟ್ಟಿನ ಕೊಳವೆ, ಪ್ಲಾಸ್ಟಿಕ್ ತುದಿ, ಬಾಲ್ಸಾ ಮರದ ಮೂರು ತೆಳು ಹಲಗೆ, ಪುಟ್ಟ ಪ್ಯಾರಾಚೂಟ್. ಜೊತೆಗೆ ಬಂದ ಪುಸ್ತಿಕೆ ಇಂಗ್ಲಿಷಿನಲ್ಲಿದೆ. ಕ್ಲಬ್ಬಿನ ಅರ್ಧಕ್ಕರ್ಧ ಮಕ್ಕಳು ಕನ್ನಡ ಮಾಧ್ಯಮದವರು. ಅವರಿಗೆ ಎಂಟು ಪುಟದ ಕೈಪಿಡಿ ಬರೆದುಕೊಡಿ ಅಂತ ಮಾಷ್ಟ್ರು ಕೇಳಿದರು. ಖುಷಿಯಿಂದ ಒಪ್ಪಿಕೊಂಡೆ. 1975ರಲ್ಲಿ ಹಾರಿದ ಆರ್ಯಭಟ ಉಪಗ್ರಹದ ಕೆಲಸ ಮುನ್ನಡೆಸಿದ ಯು. ಆರ್. ರಾವ್ ಹುಟ್ಟಿದ್ದು ಇಲ್ಲೇ ಅದಮಾರಿನಲ್ಲಿ. ಈ ಊರಿನ ಮಕ್ಕಳಿಗೆ ರಾಕೆಟ್ಟಿನ ಮಾತು ಅವರ ಭಾಷೆಯಲ್ಲಿ ಸಿಗಬೇಕು ಅನ್ನುವುದು ನನ್ನ ಆಸೆ.

ನಿಘಂಟು ನೋಡಿದರೆ ರಿಕವರಿಗೆ ಚೇತರಿಕೆ, ವಸೂಲಿ, ಮರುಪಡೆಯುವಿಕೆ ಸಿಗುತ್ತವೆ. ಜ್ವರ ಬಿಟ್ಟವರದು ಚೇತರಿಕೆ. ಸಾಲದ್ದು ವಸೂಲಿ. ಮೂರನೆಯದರ ಅರ್ಥ ಸರಿಯೇ ಇದೆ. ಆದರೆ ಗದ್ದೆಯಲ್ಲಿ ತಲೆ ಮೇಲೆತ್ತಿ ಓಡುವ ಮಕ್ಕಳ ಬಾಯಿಗೆ ಅದು ಬರುವುದಿಲ್ಲ.

ಹಾಗಾದರೆ ಅವರ ಬಾಯಿಗೆ ಏನು ಬರುತ್ತದೆ? ಅದನ್ನು ನಾನೇ ಕೇಳಿಸಿಕೊಂಡೆ. ಜನವರಿಯಲ್ಲಿ, ಕೊಯ್ಲು ಮುಗಿದ ಗದ್ದೆಯಲ್ಲಿ. ಅಲ್ಲಿಯವರೆಗೆ ಬಿ6-4 ಎಂಜಿನ್ನಿನಲ್ಲಿ ಹಾರಿಸುತ್ತಿದ್ದರು. ಇನ್ನೂ ಮೇಲೆ ಹೋಗಲಿ ಅಂತ ಆ ದಿನ ಸಿ6-5 ಹಾಕಿದರು. ಈ ಗುರುತಿನಲ್ಲಿ ಮೊದಲಿನ ಅಕ್ಷರ ಎಂಜಿನ್ನಿನ ಒಟ್ಟು ಕಸುವನ್ನು ಹೇಳುತ್ತದೆ. ಒಂದೊಂದು ಅಕ್ಷರ ಮುಂದೆ ಹೋದಂತೆ ಅದರ ಮಿತಿ ಇಮ್ಮಡಿ ಆಗುತ್ತದೆ. ಬಿ ಅಂದರೆ 5 ನ್ಯೂಟನ್-ಸೆಕೆಂಡಿನವರೆಗೆ, ಸಿ ಅಂದರೆ 10ರವರೆಗೆ. ನಡುವಿನ 6 ಸರಾಸರಿ ನೂಕುಬಲ. ಕೊನೆಯ 5 ಅಂದರೆ, ಉರಿ ಮುಗಿದ ಮೇಲೆ ಐದು ಸೆಕೆಂಡು ತಡೆದು ಎಂಜಿನ್ನಿನೊಳಗಿನ ಪುಡಿ ಸಿಡಿಯುತ್ತದೆ, ತುದಿ ಕಳಚಿ ಪ್ಯಾರಾಚೂಟ್ ಹೊರಗೆ ಬರುತ್ತದೆ. ಎರಡು ಎಂಜಿನ್ನಿಗೂ ಸುತ್ತಳತೆ ಒಂದೇ, ಕೊಳವೆಗೆ ಸಲೀಸಾಗಿ ಕೂರುತ್ತವೆ. ಆದರೆ ಸಿ ಸ್ವಲ್ಪ ಭಾರ. ಬಾಲ ಭಾರವಾದರೆ ರಾಕೆಟ್ ದಾರಿ ತಪ್ಪುತ್ತದೆ. ಅದಕ್ಕೇ ತುದಿಯೊಳಗೆ ಒಂದಿಷ್ಟು ಜೇಡಿ ಮೆತ್ತಿದರು. ರಾಕೆಟ್ಟಿನ ಸೊಂಟಕ್ಕೆ ದಾರ ಕಟ್ಟಿ ತಲೆಯ ಸುತ್ತ ಬೀಸಿ, ಮೂತಿ ಮುಂದಾಗಿಯೇ ಸುತ್ತುತ್ತದಾ ಅಂತ ನೋಡಿಕೊಂಡರು.

ರಾಕೆಟ್ ಚೆಂದವಾಗಿಯೇ ಏರಿತು. ತಪ್ಪಿದ್ದು ಆಮೇಲೆ. ತುದಿಗೂ ಕೊಳವೆಗೂ ನಡುವಿನ ರಬ್ಬರ್ ದಾರ ತೀರಾ ಗಿಡ್ಡವಿತ್ತು. ಕಳಚಿದ ತುದಿ ಚಿಮ್ಮಿ ಹಿಂದೆ ಬಂದು ಕೊಳವೆಯ ಬಾಯನ್ನೇ ಜಜ್ಜಿತು. ಬಿಸಿ ಹೊಗೆ ತಡೆಯಲು ತುರುಕಿದ ಬೆಂಕಿ ಹಿಡಿಯದ ಕಾಗದವೂ ಸಾಲಲಿಲ್ಲ. ಪ್ಯಾರಾಚೂಟಿನ ಪ್ಲಾಸ್ಟಿಕ್ ಕರಗಿ ಒಂದಕ್ಕೊಂದು ಅಂಟಿಕೊಂಡಿತು. “ಬಿತ್ತು ಚಿಕ್ಕಪ್ಪ, ಬಿತ್ತು!” ಅಂತ ಅವಳು ಕೂಗಿದಾಗ ದನಿ ನಡುಗುತ್ತಿತ್ತು.

ಮುಂದಿನ ಭಾನುವಾರದ ಹೊತ್ತಿಗೆ ದಾರವನ್ನು ರಾಕೆಟ್ಟಿನ ಮೂರು ಪಟ್ಟು ಉದ್ದ ಮಾಡಿದ್ದರು. ಕಾಗದ ಜಾಸ್ತಿ ತುರುಕಿದ್ದರು. ಹೊಸ ಪ್ಯಾರಾಚೂಟಿನ ನೆತ್ತಿಗೆ ಒಂದು ತೂತು ಮಾಡಿದ್ದರು. ಗಾಳಿ ಅದರಲ್ಲಿ ನುಸುಳಿದರೆ ಓಲಾಟ ಕಮ್ಮಿ, ಬೇಗ ನೆಲಕ್ಕೂ ಬರುತ್ತದೆ. ನಮ್ಮಲ್ಲಿ ಅದು ಮುಖ್ಯ. ಮಧ್ಯಾಹ್ನದ ಮೇಲೆ ಕಡಲಗಾಳಿ ಶುರುವಾದರೆ ಎಲ್ಲವೂ ಮೂಡಣ ಬದಿಯ ತೆಂಗಿನ ತೋಟಕ್ಕೇ ತೇಲುತ್ತದೆ. ಬೆಳಿಗ್ಗೆ ಏಳೂವರೆಗೆ, ಐದು ಮೀಟರ್ ದೂರ ನಿಂತು, ವಯರಿನಿಂದ ಹೊತ್ತಿಸಿದರು. ಈ ಸಲ ಅವಳು ಕೂಗಿದ್ದು: “ಇಳೀತಾ ಉಂಟು ಚಿಕ್ಕಪ್ಪ, ಇಳೀತಾ ಉಂಟು!”

ನನಗೆ ಬೇಕಾದ ವ್ಯತ್ಯಾಸ ಇದೇ ಅಲ್ವಾ? ಬೀಳುವುದು ಬೇರೆ, ಇಳಿಯುವುದು ಬೇರೆ. ಮರ ಹತ್ತುವವರಿಗೆ ಇದು ಚೆನ್ನಾಗಿ ಗೊತ್ತು. ಬೆಳೆದ ಕಾಯಿಯಾದರೆ ಮೇಲಿಂದಲೇ ಕೆಡವುತ್ತಾರೆ. ಬೊಂಡ, ಅಂದರೆ ಎಳನೀರು ಆದರೆ ಗೊನೆಗೆ ಹಗ್ಗ ಕಟ್ಟಿ ಮೆಲ್ಲನೆ ಇಳಿಸುತ್ತಾರೆ, ಬಿದ್ದರೆ ಒಡೆದು ನೀರೆಲ್ಲ ಹೋಗುತ್ತದೆ. ಹಾಗಾಗಿ ‘ರಿಕವರಿ ಸಿಸ್ಟಮ್’ ಅನ್ನುವುದಕ್ಕೆ ‘ಇಳಿಸುವ ಏರ್ಪಾಡು’ ಅಂತ ಬರೆದಿದ್ದೇನೆ. ‘ಇಳಿಕೆ’ ಬೇಡ ಅನ್ನಿಸಿತು, ಅದನ್ನು ಬೆಲೆಗೆ, ಜ್ವರಕ್ಕೆ ಬಳಸಿ ಬಳಸಿ ‘ಕಮ್ಮಿಯಾಗುವುದು’ ಅನ್ನುವ ಅರ್ಥವೇ ಮುಂದೆ ಬರುತ್ತದೆ. ‘ಇಳಿತ’ ಅಂದರೆ ಕರಾವಳಿಯವರಿಗೆ ಕಡಲೇ ನೆನಪಾಗುತ್ತದೆ.

ಆದರೂ ಒಂದು ಅರ್ಥ ಉಳಿದುಹೋಗುತ್ತದೆ. ಚೆನ್ನಾಗಿ ಇಳಿದು ಯಾರದೋ ಮನೆಯ ಮಾಡಿನ ಮೇಲೆ ಕೂತರೆ ಅದು ರಿಕವರಿ ಅಲ್ಲ. ಕೈಗೆ ಸಿಗಬೇಕು, ಮತ್ತೆ ಹಾರಿಸುವ ಹಾಗಿರಬೇಕು. ಇದಕ್ಕೆ ನನಗೆ ತೋಚಿದ್ದು ‘ದಕ್ಕು’. “ಜೀವ ದಕ್ಕಿತು” ಅನ್ನುತ್ತೇವೆ. “ಉಂಡದ್ದು ದಕ್ಕಲಿಲ್ಲ” ಅನ್ನುತ್ತೇವೆ. ಹೋಗಿಯೇಬಿಡಬಹುದಾಗಿದ್ದದ್ದು ನಮ್ಮದಾಗಿ ಉಳಿಯಿತು ಅನ್ನುವ ಅರ್ಥ ಅದರಲ್ಲಿದೆ. “ಐದು ಸಲ ಹಾರಿಸಿದೆವು, ನಾಲ್ಕು ಸಲ ದಕ್ಕಿತು.” ಎಷ್ಟು ಹಗುರವಾಗಿ ಕೂರುತ್ತದೆ ನೋಡಿ. ತೊಂದರೆ ಇರುವುದು ಹೆಸರುಪದ ಮಾಡುವಾಗ. ‘ದಕ್ಕೆ’ ಅಂದರೆ ಕೇಳುವವರ ಕಿವಿಗೆ ‘ಧಕ್ಕೆ’ ಆಗುತ್ತದೆ, ಅರ್ಥ ಪೂರ್ತಿ ತಲೆಕೆಳಗು. ಮಂಗಳೂರಿನವರಿಗೆ ಬಂದರಿನಲ್ಲಿ ದೋಣಿ ನಿಲ್ಲುವ ಧಕ್ಕೆ ಬೇರೆ ನೆನಪಾಗುತ್ತದೆ. ‘ದಕ್ಕುವಿಕೆ’ ನನಗೆ ರುಚಿಸಲಿಲ್ಲ. ಕ್ರಿಯಾಪದವಾಗಿಯೇ ಇಟ್ಟುಕೊಂಡರೆ ಸಾಲದೇ? ನಿಮ್ಮ ಅಭಿಪ್ರಾಯ ಬೇಕು.

ಎರಡನೆಯದು ಎಂಜಿನ್ನಿನ ಒಳಗಿನದು. ನಮ್ಮ ಮಕ್ಕಳು ಅದನ್ನು ಬಿಚ್ಚುವುದಿಲ್ಲ, ಮುಟ್ಟುವುದೂ ಇಲ್ಲ, ಕಾರ್ಖಾನೆಯಿಂದ ಬಂದ ಹಾಗೇ ಬಳಸುತ್ತಾರೆ. ಆದರೆ ಒಳಗೆ ಏನು ನಡೆಯುತ್ತದೆ ಅಂತ ಗೊತ್ತಿರಬೇಕು. ಕೆಳಗೆ ರಾಕೆಟನ್ನು ಏರಿಸುವ ಮದ್ದು. ಅದರ ಮೇಲೆ ಹೊಗೆ ಬಿಡುತ್ತಾ ನಿಧಾನ ಉರಿಯುವ ಪದರ. ಎಲ್ಲಕ್ಕಿಂತ ಮೇಲೆ, ತುದಿಯನ್ನು ಕಳಚಿ ಪ್ಯಾರಾಚೂಟನ್ನು ಹೊರಗೆ ಹಾಕುವ ಪುಡಿ. ಈ ಕೊನೆಯದು ‘ಇಜೆಕ್ಷನ್ ಚಾರ್ಜ್’.

ಇಲ್ಲಿ ನಮ್ಮೂರಿನ ಜಾತ್ರೆಯ ಕಾಗದ ಸಹಾಯಕ್ಕೆ ಬಂತು. “ರಾತ್ರಿ ಸುಡುಮದ್ದು ಪ್ರದರ್ಶನ” ಅಂತ ಅಚ್ಚಾಗಿರುತ್ತದಲ್ಲ. ಮದ್ದು ಅಂದರೆ ಔಷಧಿಯೂ ಹೌದು, ಸಿಡಿಯುವ ಪುಡಿಯೂ ಹೌದು. ಹಳಗನ್ನಡದಲ್ಲಿ ಅದು ‘ಮರ್ದು’, ತುಳುವಿನಲ್ಲಿ ಇವತ್ತಿಗೂ ‘ಮರ್ದ್’. ಕ್ರಿಯಾಪದದ ಬೆನ್ನಿಗೆ ಮದ್ದು ಸೇರಿಸಿ ಪದ ಕಟ್ಟುವುದು ನಮಗೆ ಹೊಸತಲ್ಲ: ಸುಡುಮದ್ದು, ಸಿಡಿಮದ್ದು, ಚುಚ್ಚುಮದ್ದು. ಅದೇ ಸಾಲಿನಲ್ಲಿ ‘ಬಿಚ್ಚುಮದ್ದು’ ಅಂತ ಬರೆದೆ. ಅಣ್ಣನ ಮಗಳು ಓದಿ ತಲೆ ಅಲ್ಲಾಡಿಸಿದಳು. “ಅದು ಬಿಚ್ಚುವುದಿಲ್ಲ ಚಿಕ್ಕಪ್ಪ. ದೂಡುತ್ತದೆ. ಬಿಚ್ಚುವುದು ಗಾಳಿ.” ಅವಳು ಹೇಳಿದ್ದು ಸರಿ. ಆದರೆ ‘ದೂಡುಮದ್ದು’ ಅನ್ನುವ ಹೆಸರು ರಾಕೆಟನ್ನೇ ದೂಡುವ ಮೊದಲ ಮದ್ದಿಗೆ ಹೋಗಬೇಕು. ನಡುವಿನದಕ್ಕೆ ಅವಳೇ ‘ತಾಳುಮದ್ದು’ ಅಂದಳು, ತಾಳು ಅಂದರೆ ಸ್ವಲ್ಪ ಕಾಯಿ ಅಂತಲೇ ತಾನೇ. ನನಗೆ ಬಹಳ ಹಿಡಿಸಿತು. ದೂಡುಮದ್ದು, ತಾಳುಮದ್ದು, ಆಮೇಲೆ ಏನು? ‘ಕಳಚುಮದ್ದು’ ಆದೀತಾ? ಕಳಚುವುದು ತುದಿ, ಅದನ್ನು ಮಾಡುವುದು ಈ ಪುಡಿಯೇ. ಸದ್ಯಕ್ಕೆ ಅದನ್ನೇ ಇಟ್ಟಿದ್ದೇನೆ.

ಉಳಿದವು ಅಷ್ಟು ಕಷ್ಟ ಕೊಡಲಿಲ್ಲ. ಪ್ಯಾರಾಚೂಟಿಗೆ ‘ಧುಮುಕುಕೊಡೆ’ ಇದೆ, ಆದರೆ ಧುಮುಕುವುದು ಮನುಷ್ಯರು. ರಾಕೆಟ್ಟಿಗೆ ‘ಇಳಿಕೊಡೆ’ ಸಾಕು. ಕೊಡೆಯ ಬದಲು ಉದ್ದ ಪಟ್ಟಿ ಕಟ್ಟುವುದೂ ಉಂಟು, ಅದು ಗಾಳಿಪಟದ ‘ಬಾಲಂಗೋಚಿ’ಯೇ. ಕೊಡೆಯ ದಾರಗಳಿಗೆ ಗಾಳಿಪಟದ್ದೇ ‘ಸೂತ್ರ’.

‘ಫಿನ್’ ವಿಷಯದಲ್ಲಿ ಮಾತ್ರ ನನ್ನದು ಗಟ್ಟಿ ನಿಲುವು. ಎಲ್ಲರೂ ‘ರೆಕ್ಕೆ’ ಅಂತ ಬರೆಯುತ್ತಾರೆ. ರೆಕ್ಕೆ ಎತ್ತುತ್ತದೆ. ರಾಕೆಟ್ಟಿನ ಹಿಂಬದಿಯ ಹಲಗೆ ಎತ್ತುವುದಿಲ್ಲ, ನೆಟ್ಟಗೆ ಹೋಗುವಂತೆ ನೋಡಿಕೊಳ್ಳುತ್ತದೆ. ಬಾಣದ ಹಿಂದೆ ಇರುವ ‘ಗರಿ’ ಮಾಡುವುದೂ ಅದನ್ನೇ. ನಾವು ‘ಬಾಣಬಿರುಸು’ ಅನ್ನುವವರು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಅನ್ನುವ ಊರಿನ ಬಾವಿಯೊಂದರಲ್ಲಿ ಸಾವಿರದಷ್ಟು ಹಳೆಯ ಕಬ್ಬಿಣದ ರಾಕೆಟ್ ಸಿಕ್ಕ ನಾಡು ನಮ್ಮದು. ಬಾಣಕ್ಕೆ ಗರಿ ಇರಲಿ.

ಕೊನೆಗೆ ಹಿರಿಯರಲ್ಲಿ ಒಂದು ಪ್ರಶ್ನೆ. ಇಳಿಕೊಡೆ ಸುಡದಂತೆ ತುರುಕುವ ಕಾಗದಕ್ಕೆ ನನಗೆ ಪದವೇ ಸಿಕ್ಕಿಲ್ಲ. ಹಿಂದೆ ಕೋವಿಗೆ ಮದ್ದು ಹಾಕಿ, ಅದರ ಮೇಲೆ ಏನನ್ನೋ ತುರುಕಿ ಕೋಲಿನಿಂದ ಜಡಿಯುತ್ತಿದ್ದರಲ್ಲ, ಆ ತುರುಕುವ ವಸ್ತುವಿಗೆ ನಿಮ್ಮ ಕಡೆ ಏನು ಹೇಳುತ್ತಿದ್ದರು? ಕನ್ನಡ, ತುಳು, ಕುಂದಾಪ್ರ ಕನ್ನಡ, ಬ್ಯಾರಿ, ಕೊಂಕಣಿ ಯಾವುದಾದರೂ ಆಗಬಹುದು. ಕೈಪಿಡಿಯಲ್ಲಿ ಆ ಒಂದು ಜಾಗ ಖಾಲಿ ಬಿಟ್ಟಿದ್ದೇನೆ.